ಲಡಿಗೆ ಬಂದ ಹಕ್ಕಿ

ಗುಳೇದಗುಡ್ಡದಾಗ, ನಮ್ಮ ಹಿತ್ತಲದ ತಂತಿ ಮ್ಯಾಲ
ಅವತ್ತು ಹನ್ನೆರಡು ಲಡಿ ಕೆಂಪು ಒಣಗಾಕ ಹಾಕಿದ್ದೆ.
ಖಣದ ಹೊಕ್ಕಿನ ನೂಲು. ಬಣ್ಣ ಇನ್ನೂ ತೊಟ್ಟಿಕ್ಕತಿತ್ತು,
ನನ್ನ ಕೈ ಮೊಣಕೈತನಾ ಕೆಂಪು.

ಎಲ್ಲಿಂದ ಬಂತೋ ಒಂದು ಸೂರಕ್ಕಿ,
ಹೆಬ್ಬೆಟ್ಟಿನಷ್ಟು ಮೈ, ಬಾಗಿದ ದಬ್ಬಣದಂಥ ಕೊಕ್ಕು,
ಬಿಸಿಲಿಗೆ ತಿರುಗಿದರ ನೀಲಿ, ನೆರಳಿಗೆ ತಿರುಗಿದರ ಕರಿ.
ಮೊದಲನೇ ಲಡಿಗೆ ಕೊಕ್ಕು ಚುಚ್ಚಿತು.
ಎರಡನೇದಕ್ಕ ಚುಚ್ಚಿತು.
ಬಾಕಿ ಕೇಳಾಕ ಮನಿ ಮನಿ ತಿರುಗಿದಂಗ
ಹನ್ನೆರಡೂ ತಿರುಗಿತು, ಒಂದನ್ನೂ ಬಿಡಲಿಲ್ಲ.
ಆಮ್ಯಾಲ ತಂತಿ ಮ್ಯಾಲ ಕುಂತು ನನ್ನ ಕಡೆ ನೋಡಿ
ಏನೋ ಅಂತು. ಬೈದಿದ್ದಿರಬೇಕು.

ಇಪ್ಪತ್ತಾರು ವರ್ಷ ಆತು ಈ ಕೆಲಸಕ್ಕ.
ಬಣ್ಣ ಪಕ್ಕಾ ಅಲ್ಲ ಅಂತ ಸಾವುಕಾರ ಅಂದಾನ,
ಒಗದರ ಬಿಡತೈತಿ ಅಂತ ಗಿರಾಕಿ ಅಂದಾರ.
ನಿನ್ನ ಕೆಂಪಿನಾಗ ಸಿಹಿ ಇಲ್ಲ ಅಂತ
ಯಾರೂ ಅಂದಿರಲಿಲ್ಲ.

ಮರುದಿನ ಬಾದಾಮಿ ರಸ್ತೆಗೆ, ದಸ್ತಗೀರಸಾಬನ ನರ್ಸರಿಗೆ.
'ಎಂಥಾ ಗಿಡ ಬೇಕವಾ?'
ಹಕ್ಕಿ ಬರೂವಂಥಾದ್ದು. ಪಾತರಗಿತ್ತಿ ಬರೂವಂಥಾದ್ದು.
ಅಂವ ಗಡ್ಡ ತುರಿಸಿಕೊಂಡ.
'ಎಲ್ಲಾರೂ ಹುಳ ಬರಲಾರದ್ದು ಕೊಡು ಅಂತಾರ.'

ಬಟ್ಟಲದಷ್ಟು ದೊಡ್ಡ ದಾಸವಾಳ ಕಂಡಿತು,
ಪಕಳಿ ಮ್ಯಾಲ ಪಕಳಿ, ಜರತಾರಿ ಕುಚ್ಚಿನ ಹಂಗ ಗಿಜಿಗಿಜಿ.
ನಾನು ಸಂಚಿ ಬಿಚ್ಚಿದೆ.
'ತಡಿ' ಅಂದ. 'ಅದು ನೋಡಾವರಿಗೆ.
ಒಳಗ ಹೋಗಾಕ ಬಾಗಲಾನ ಇಲ್ಲ.
ಐದು ಪಕಳಿದು ಒಯ್ಯಿ, ಬಡವರ ದಾಸವಾಳ.'

ಅದು ಒಂದು. ರತ್ನಗಂಧಿ ಒಂದು.
ಲಿಂಬಿ ಸಸಿ, ಕರಿಬೇವು. ಇವು ಯಾಕ, ಹೂ ಎಲ್ಲಿ ಅಂದೆ.
'ಹೂ ಅಂದರ ಚಾದಂಗಡಿ ತಂಗಿ,
ಕುಡದು ಹೋಗತಾವ. ಬಾಣಂತನಕ್ಕ ಎಲಿ ಬೇಕು.'
ಕಡೀಕ ಬೇಲಿ ಹೊರಗ ಕೈ ಮಾಡಿದ:
'ಎಕ್ಕಿ. ಅದಕ್ಕ ರೊಕ್ಕ ಇಲ್ಲ.'

ಬಣ್ಣದ ನೀರು ಹರಿಯೋ ದಿಕ್ಕು ಬಿಟ್ಟು
ಎಲ್ಲಾ ದೂರ ಹಚ್ಚಿದೆ. ಆ ನೀರಿನ ಗುಣ ನನಗ ಗೊತ್ತು,
ಅಲ್ಲಿ ಹುಲ್ಲೂ ಏಳಂಗಿಲ್ಲ.
ಮಗ್ಗಲ ಮನಿ ಹಂಪವ್ವ ಗ್ವಾಡಿ ಮ್ಯಾಲಿಂದ ಇಣಕಿ
'ಎಕ್ಕಿ ಬೆಳಿಯೋದು ಹಾಳ ಮನಿಯಾಗ' ಅಂದಳು.
ಅದು ಅಕಿ ಮಾತು ಕೇಳಿಸಿಕೊಳ್ಳಲಿಲ್ಲ, ಬೆಳೀತು.

ಶ್ರಾವಣ ಹಿಡಿಯೋ ಹೊತ್ತಿಗೆ
ಕರಿಬೇವಿನ ಎಲಿ ತುದಿಯಿಂದ ಕಮ್ಮಿ ಆಗಾಕ ಹತ್ತಿದವು.
ಮೊದಲ ಹಕ್ಕಿ ಹಿಕ್ಕಿ ಬಿದ್ದಂಗಿತ್ತು,
ವಾರಕ್ಕ ಅದ ಹುಳ ಹಸರಗೆ, ಬೆರಳಷ್ಟು ದಪ್ಪ.
ನಮ್ಮವರು ಮಗ್ಗದ ಕುಣಿಯಿಂದ ಎದ್ದು ಬಂದರು,
'ಒಗ್ಗರಣಿಗೆ ಏನು ಹಾಕತಿ?'
ಕೈಯಾಗ ಔಷಧದ ಬಾಟ್ಲಿ.

'ತಿನ್ನಾಕ ಅಂತನ ಹಚ್ಚೇನಿ.'
'ಪಾತರಗಿತ್ತಿಗೆ ಅಂತಿದ್ದಿ.'
'ಇದ ಪಾತರಗಿತ್ತಿ.'

ಹುಳ ನೋಡಿದರು. ನನ್ನ ನೋಡಿದರು.
ಹುಳ ಎರಡು ಕೆಂಪು ಕೊಂಬು ತಗದು, ಹೊಲಸು ನಾತ ಬಿಟ್ಟು,
ನಮ್ಮಿಬ್ಬರನ್ನೂ ಹಿಂದ ಸರಿಸಿತು.

ಮುಂದಿನ ಸೋಮವಾರ ಅವರ ಕರದರು, ದನಿ ಸಣ್ಣದು ಮಾಡಿ:
'ಬಾ ಇಲ್ಲಿ, ನೋಡು.'
ಕಡ್ಡಿಗೆ ಆನಿಸಿಕೊಂಡು ಮಲಗಿತ್ತು, ಎಲಿ ಮಡಚಿದಂಗ,
ನಡಕ್ಕ ಒಂದ ಒಂದು ಎಳಿ ಕಟ್ಟಿಕೊಂಡು.
'ಒಂದ ಎಳಿ' ಅಂದರು. 'ಭಾರ ಪೂರಾ ಹಿಡದೈತಿ.'
ನಲವತ್ತು ವರ್ಷ ಸಾವಿರಾರು ಎಳಿ ಎಣಿಸಿದ ಮನಿಶಾ
ಅವತ್ತು ಮಧ್ಯಾಹ್ನ ಮಗ್ಗಕ್ಕ ಇಳಿಯಲೇ ಇಲ್ಲ.

ಅದು ಹಾರಿದ್ದು ನಾವು ನೋಡಲಿಲ್ಲ. ಸಂತಿಗೆ ಹೋಗಿದ್ವಿ.
ಬಂದಾಗ ಸಿಪ್ಪಿ ಇತ್ತು, ಎಳಿ ಇತ್ತು.

ಸೂರಕ್ಕಿ ಈಗ ದಿನಾ ಬರತೈತಿ.
ದಾಸವಾಳದಾಗ ತಲಿ ಹಾಕಿ ಕುಡೀತೈತಿ, ರತ್ನಗಂಧಿಗೆ ಹೋಗತೈತಿ.
ಆಮ್ಯಾಲ, ಹಾರೋಕಿಂತ ಮೊದಲ,
ತಂತಿ ಮ್ಯಾಲಿನ ಲಡಿಗೆ ಒಮ್ಮೆ ಚುಚ್ಚಿ ನೋಡತೈತಿ.
ಒಂದಕ್ಕ, ಅಷ್ಟ.